ಹಟ್ಟಿಯಾಚೆಯ ಬಾಣಂತಿ

ಇದು ಎಂಬತ್ತರ ದಶಕದ ಕೊನೆಯ ಮಾತು, ಕೇಳಿ. ಆಂಧ್ರಕ್ಕೆ ಸೇರಿದ ಮಡಕಶಿರಾ ಸೀಮೆಯ ಕನ್ನಡದೂರು ನಮ್ಮ ಅಗಳಿ. ಅದರ ಮಗ್ಗುಲಿನ ಗೊಲ್ಲರಹಟ್ಟಿಯಿಂದ ಒಬ್ಬ ಅಕ್ಕ ನಮ್ಮ ಹೊಲಕ್ಕೆ ಕಡಲೆಕಾಯಿ ಬಿಡಿಸಲು ಬರುತ್ತಿದ್ದಳು. ಬಾಯಿ ತುಂಬ ಮಾತು. ಅವಳ ಸಾಲಿನಲ್ಲಿ ಕೂತವರಿಗೆ ಹೊತ್ತು ಇಳಿದದ್ದೇ ತಿಳಿಯುತ್ತಿರಲಿಲ್ಲ.

ಕಾರ್ತಿಕದ ಚಳಿಯಲ್ಲಿ ಅವಳಿಗೆ ಹೆರಿಗೆಯಾಯಿತು. ಆ ಹಟ್ಟಿಯ ಕಾಡುಗೊಲ್ಲರದು ಒಂದು ಕಟ್ಟಳೆ. ಸೂತಕ ದೇವರಿಗೆ ಆಗದೆಂದು ತಾಯಿ, ಕೂಸು ಇಬ್ಬರನ್ನೂ ಹಟ್ಟಿಯಾಚೆ ಗುಡಿಸಲಿನಲ್ಲಿ ಇಟ್ಟರು. ವಾರ ಕಳೆಯುವಷ್ಟರಲ್ಲಿ ಅವಳ ನಿದ್ದೆ ಹಾರಿಹೋಯಿತು. ರಾತ್ರಿಯೆಲ್ಲ ಕತ್ತಲೆಯ ಜೊತೆ ಜಗಳ. ನಮ್ಮವ್ವ ಹಾಲು ತಗೊಂಡು ಹೋದಾಗ ಕೂಸು ಅತ್ತು ಅತ್ತು ಗಂಟಲು ಕಟ್ಟಿತ್ತು.

"ಯಾಕವ್ವ ಹಿಂಗ್ ಮಾಡ್ತೀಯ, ಮೊಲೆ ಕೊಡವ್ವ."

"ಈ ಕೂಸು ನಂದಲ್ಲ ಕಣಮ್ಮ. ನಂದನ್ನ ಯಾರೋ ಬದಲಾಯ್ಸವ್ರೆ."

ಅವ್ವ ಮನೆಗೆ ಬಂದವಳು ಅಂದು ಊಟ ಮಾಡಲಿಲ್ಲ.

ಹಟ್ಟಿಯವರು ಸುಮ್ಮನೆ ಕೂರಲಿಲ್ಲ. ಗಾಡಿ ಕಟ್ಟಿ ಸಿರಾ ಸೀಮೆಯ ಕಳುವರಹಳ್ಳಿ ಬಳಿ ತಮ್ಮ ದೇವರು ಜುಂಜಪ್ಪನ ಗುಡ್ಡೆಗೆ ಹರಕೆ ಹೊತ್ತು ಹೋದರು. ಬಂದಮೇಲೆ ಒಬ್ಬ ತಾತ ಗುಡಿಸಲಿಗೆ ಕೇಳುವಷ್ಟು ದೂರದಲ್ಲಿ ಕೂತು, ಉದ್ದನೆಯ ಬಿದಿರ ಗಣೆ ಊದುತ್ತ ಜುಂಜಪ್ಪನ ಕಥೆ ಹಾಡಿದ. ಆ ರಾತ್ರಿ ಅವಳು ಸ್ವಲ್ಪ ಕಣ್ಣು ಮುಚ್ಚಿದಳಂತೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರ ಮಾತು ನಾನು ಒಪ್ಪುವುದಿಲ್ಲ. ಹಟ್ಟಿಯಾಚೆ ಒಂಟಿಯಾಗಿದ್ದ ಹೆಣ್ಣಿನ ಜೊತೆಗೆ ಆ ಹೊತ್ತು ಇದ್ದದ್ದು ಆ ಹಾಡೊಂದೇ. ಅವಳನ್ನು ಚಳಿಗೆ ನೂಕಿದ್ದೂ ಅದೇ ಹಟ್ಟಿ ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಕೊನೆಗೆ ಬಾಯಿಬಿಟ್ಟು ಹೇಳಿದವರು ಹಟ್ಟಿಯ ಪೂಜಾರಪ್ಪನೇ: "ದೇವ್ರ ಕೆಲ್ಸ ದೇವ್ರು ಮಾಡ್ತಾನೆ. ನೀವು ಡಾಕ್ಟ್ರಿಗೂ ತೋರ್ಸ್ರಪ್ಪಾ."

ಪೇಟೆಯ ಆಸ್ಪತ್ರೆಗೆ ಅವಳ ಗಂಡನ ಜೊತೆ ನಮ್ಮಪ್ಪನೂ ಹೋದರು. ಅಲ್ಲಿ ಎಲ್ಲವೂ ತೆಲುಗು. "ನಿದ್ರ ಪಡುತುಂದಾ?" ಎಂದು ಡಾಕ್ಟರು ಕೇಳಿದರೆ ಅವಳು ಗೋಡೆ ನೋಡುತ್ತಿದ್ದಳು. ಅರೆಬರೆ ತೆಲುಗಿನ ಗಂಡ ಗಾಬರಿಯಲ್ಲಿ "ಕೂಸನ್ನು ನೋಡಿಕೊಳ್ಳಲ್ಲ" ಎಂದಷ್ಟೇ ಹೇಳಿದ. ಕೂಸು ತನ್ನದಲ್ಲ ಎಂಬ ಅವಳ ಮಾತೇ ಡಾಕ್ಟರಿಗೆ ಮುಟ್ಟಲಿಲ್ಲ. ನಿತ್ರಾಣ ಎಂದು ಬರೆದು ಟಾನಿಕ್ ಕೊಟ್ಟು ಕಳಿಸಿದರು.

ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಅದೇ ಕಾಲದಲ್ಲಿ, 1985ರಿಂದ, ಪಕ್ಕದ, ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ಮನೋರೋಗ ಆಸ್ಪತ್ರೆಯಾದ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆಗಳ ಡಾಕ್ಟರುಗಳಿಗೇ ಮನೋರೋಗ ಗುರುತಿಸುವ ತರಬೇತಿ ಕೊಟ್ಟು, ಮಾತ್ರೆ ಅಲ್ಲೇ ಸಿಗುವ ಏರ್ಪಾಡು ಮಾಡುತ್ತಿದ್ದರು. ನಮ್ಮಂತೆಯೇ ಗಡಿಯಲ್ಲಿರುವ ರಾಯದುರ್ಗ 1953ರವರೆಗೆ ಆ ಬಳ್ಳಾರಿಯದೇ ತಾಲ್ಲೂಕು. ಆಂಧ್ರ ರಾಜ್ಯವಾದಾಗ ಗೆರೆಯ ಈಚೆ, ಆಂಧ್ರದ ಕಡೆಗೆ ಬಂತು. ನಮ್ಮ ಮಡಕಶಿರಾ ಆಗ ಅನಂತಪುರ ಜಿಲ್ಲೆಯದಾಗಿತ್ತು. ಬಳ್ಳಾರಿಯ ಮಾದರಿ 1996ರಲ್ಲಿ ದೇಶದ ಕಾರ್ಯಕ್ರಮವಾಗಿ ಹೊರಟಾಗಲೂ ಆಂಧ್ರದ ಪಾಲಿಗೆ ಮೊದಲು ಸಿಕ್ಕಿದ್ದು ದೂರದ ಮೇದಕ್ ಜಿಲ್ಲೆಗೆ. ಕನ್ನಡದ ಗಡಿ ಹಟ್ಟಿಗಳು ಎರಡೂ ಕಡೆಯ ಲೆಕ್ಕದಿಂದ ಹೊರಗುಳಿದವು.

ಕಡೆಗೆ ಎರಡು ಆಡು ಮಾರಿ, ಸಿರಾ ಮೇಲೆ ಬಸ್ಸು ಹಿಡಿದು ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಅಲ್ಲಿ ಡಾಕ್ಟರಮ್ಮ ಕನ್ನಡದಲ್ಲಿ, ಅವಸರ ಮಾಡದೆ ಕೇಳಿದರಂತೆ: "ಕೂಸನ್ನ ಯಾರು ಬದಲಾಯಿಸಿದ್ರು ಅನ್ಸುತ್ತೆ ತಾಯಿ?" ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವ ಮನೋರೋಗ ಅವಳದು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಬಾಣಂತಿ ಮತ್ತು ಕೂಸನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡು ನಿಮ್ಹಾನ್ಸ್‌ನಲ್ಲಿ ಶುರುವಾದದ್ದು 2009ರಲ್ಲಿ. ಆಗ ಅದಿರಲಿಲ್ಲ. ಕೂಸನ್ನು ಅವಳ ಅತ್ತಿಗೆ ತನ್ನ ಮೊಲೆಹಾಲಿನಲ್ಲೇ ಉಳಿಸಿಕೊಂಡಳು.

ಅವಳು ಚೇತರಿಸಿಕೊಂಡಳು. ಆದರೆ ಮಾತ್ರೆ ತರಲು ಪ್ರತಿಸಲವೂ ಬೆಂಗಳೂರಿಗೇ ಹೋಗಬೇಕು. ಬಸ್ ಚಾರ್ಜು, ಎರಡು ಆಳಿನ ಕೂಲಿ, ಮೇಯಿಸುವವರಿಲ್ಲದ ಕುರಿ. ಮಧ್ಯದಲ್ಲೇ ನಿಲ್ಲಿಸಿದರು. ಕೂಸನ್ನು ಎದೆಗಪ್ಪಿಕೊಂಡಳು, ನಿಜ. ಆ ಬಾಯಿ ತುಂಬ ಮಾತು ಮಾತ್ರ ಮರಳಿ ಬರಲು ವರ್ಷಗಳೇ ಹಿಡಿದವು.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರಾಚೆ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡ ಸುದ್ದಿ ಓದಿದಾಗ ನನಗೆ ಈ ಅಕ್ಕನೇ ಕಣ್ಣಿಗೆ ಬಂದಳು. ಹಟ್ಟಿಯ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ: ಗಣೆ ಇರಲಿ, ಜುಂಜಪ್ಪ ಇರಲಿ, ಬಾಣಂತಿಯನ್ನು ಮಾತ್ರ ಮನೆಯೊಳಗಿಟ್ಟುಕೊಳ್ಳಿ. ಸರ್ಕಾರದವರನ್ನು ಕೇಳುವುದೂ ಒಂದಿದೆ: ಅಗಳಿಯಿಂದ ರಾಯದುರ್ಗದವರೆಗೆ ಗಡಿಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಿ, ಮಾತ್ರೆ ಅಲ್ಲೇ ಕೊಡಿ. ಅಲ್ಲಿಯವರೆಗೆ ನಿಮ್ಮ ಮನೆಯ ಬಾಣಂತಿ ನಿದ್ದೆಗೆಟ್ಟು ಏನೇನೋ ಮಾತಾಡತೊಡಗಿದರೆ ಒಂದು ದಿನವೂ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.