ಸಿಪ್ಪೆಗಂಪು

ಪುತ್ತೂರಿನ ಆಟಿ ತಿಂಗಳ ಮಳೆಗೆ ಅವಸರವೆಂಬುದೇ ಇಲ್ಲ. ಕಡಬದ ಕಡೆ ಕುಮಾರಧಾರೆ ಕೆಂಪಾಗಿ ತುಂಬಿ ಹರಿಯುವ ಆ ದಿನಗಳ ಸಂಜೆಗೆ ಚಹಾ ಒಪ್ಪುತ್ತದೆ, ಕಷಾಯ ಒಪ್ಪುತ್ತದೆ. ನನಗೆ ಸೈಡ್‌ಕಾರ್ ಎಂಬ ಕಾಕ್‌ಟೇಲ್ ಕೂಡ ಒಪ್ಪುತ್ತದೆ. ಬ್ರಾಂದಿ, ಕಿತ್ತಳೆಯ ಲಿಕ್ಕರ್, ಲಿಂಬೆರಸ, ಮತ್ತೇನಿಲ್ಲ. 1922ರಲ್ಲಿ ಬಾರ್‌ಟೆಂಡರ್ ಹ್ಯಾರಿ ಮೆಕಲ್‌ಹೋನ್ ತಮ್ಮ ಕಾಕ್‌ಟೇಲ್ ಪುಸ್ತಕದಲ್ಲಿ ಈ ಮೂರನ್ನೂ ಸಮಪಾಲು ಹಾಕಿದರು. 1930ರ ಲಂಡನ್ನಿನ ಸವಾಯ್ ಹೋಟೆಲಿನ ಪುಸ್ತಕದಲ್ಲಿ ಬ್ರಾಂದಿ ಎರಡು ಪಾಲಾಯಿತು. ನನ್ನ ನಾಲಗೆ ಸವಾಯ್ ಪಕ್ಷದ್ದು. ನಮ್ಮ ಸಣ್ಣ ಲಿಂಬೆಯ ಹುಳಿ ಬಲು ಚುರುಕಾದ್ದರಿಂದ ಅದರ ಪಾಲನ್ನು ಮುಕ್ಕಾಲಿಗೆ ಇಳಿಸಿದರೆ ಚೆನ್ನ.

ಆದರೆ ಈ ಪಾನೀಯದ ಜೀವ ಇರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಫ್ರಾನ್ಸಿನ ಆಂಜೆಯಲ್ಲಿ ತಯಾರಾಗುವ ಕ್ವಾಂತ್ರೋ ಎಂಬ ಕಿತ್ತಳೆ ಲಿಕ್ಕರ್ ಸಿಹಿ ಮತ್ತು ಕಹಿ ಕಿತ್ತಳೆಗಳ ಸಿಪ್ಪೆಯಿಂದಲೇ ಹುಟ್ಟಿದ್ದು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಕೊಡಗು, ಅಲ್ಲಿಯ ಕಿತ್ತಳೆ. ಉಗುರು ತಾಗಿಸಿದರೆ ಸಾಕು, ಸಡಿಲ ಸಿಪ್ಪೆ ಬಿಟ್ಟುಕೊಂಡು ಕೋಣೆಯೆಲ್ಲ ಘಮ. ಆ ಸಿಪ್ಪೆಯನ್ನು ಹುರಿದು ಹುಣಸೆ, ಬೆಲ್ಲ, ಮೆಣಸು ಕೂಡಿಸಿ ಗೊಜ್ಜು ಮಾಡುವ ನಮ್ಮ ಅಡುಗೆಮನೆಗಳಿಗೆ ಅದರ ಬೆಲೆ ಎಂದೋ ಗೊತ್ತು. ಕಹಿಯನ್ನು ಓಡಿಸದೆ, ಪಕ್ಕದಲ್ಲಿ ಕೂರಿಸಿಕೊಂಡು ಸಿಹಿ ಬಡಿಸುವ ಆ ಜಾಣ್ಮೆ ಸೈಡ್‌ಕಾರಿಗೂ ಬೇಕಾದದ್ದೇ.

ಹಾಗಾಗಿ ಲಿಕ್ಕರನ್ನೂ ಮನೆಯಲ್ಲೇ ಕೂಡಿಸುವುದು ನನಗಿಷ್ಟ. ಒಳಗಿನ ಬಿಳಿ ನಾರು ಬರೀ ಕಹಿ. ಅದನ್ನು ಕೆರೆದು ತೆಗೆದು, ಹೊರಸಿಪ್ಪೆಯನ್ನು ಗಾಜಿನ ಭರಣಿಯಲ್ಲಿ ಬ್ರಾಂದಿಯೊಳಗೆ ನೆನೆಹಾಕುತ್ತೇನೆ. ಸಿಪ್ಪೆಯ ಎಣ್ಣೆ ನೀರಿಗೆ ಒಲಿಯದು, ಮದ್ಯಕ್ಕೆ ಒಲಿಯುತ್ತದೆ. ನಾಲ್ಕೈದು ದಿನಕ್ಕೆ ಬಣ್ಣ ಬಿಟ್ಟು, ಸೋಸಿ ಸಕ್ಕರೆ ಪಾಕ ಬೆರೆಸುವ ಹೊತ್ತಿಗೆ ಮುಚ್ಚಳ ತೆರೆದವರ ಮುಖ ಅರಳುತ್ತದೆ. ಕಾಯುವ ಆ ದಿನಗಳಲ್ಲಿ ಸುಮ್ಮನೆ ಮೂಸಿ ಮುಚ್ಚಿಡುವುದೂ ಕುಡಿತದಷ್ಟೇ ಸುಖ.

ಕುಲುಕಲು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಮಂಜುಗಡ್ಡೆ ತುಂಬಿ, ಡಬ್ಬಿಯ ಹೊರಮೈ ಬೆವರಿ ಬೆರಳು ಜೋಮು ಹಿಡಿಯುವವರೆಗೆ ಕುಲುಕಬೇಕು. ಕರಗಿದ ಆ ಚೂರು ನೀರೂ ರುಚಿಯ ಲೆಕ್ಕಕ್ಕೆ ಸೇರಿದ್ದೇ. ಲೋಟದ ಅಂಚಿಗೆ ಸಕ್ಕರೆ ಸವರುವವರಿದ್ದಾರೆ. ನನಗದು ಬೇಡ, ಮೊದಲ ಗುಟುಕಿಗೆ ಹುಳಿಯೇ ಎದುರಾಗಲಿ. ಒಂದೇ ಲೋಟ, ಗುಟುಕು ಗುಟುಕಾಗಿ ನಿಧಾನಪಾನ.

ಘಾಟಿ ಇಳಿದು ಬರುವವರು ಒಂದಿಷ್ಟು ಕೊಡಗಿನ ಕಿತ್ತಳೆ ತನ್ನಿ. ತೊಳೆ ಮಕ್ಕಳಿಗೆ ಕೊಡಿ, ಸಿಪ್ಪೆ ಮಾತ್ರ ಎಸೆಯಬೇಡಿ.