ಮಿರಜದ ದಾರಿಯಲ್ಲಿ ಶುಭ ಶುಕ್ರವಾರ

ಕನಮಡಿಯ ಪ್ರೀತಿಯ ತಂಗಿಗೆ,

ನಿನ್ನ ಪತ್ರ ಬಂತು. ನೀನು ಶುಭ ಶುಕ್ರವಾರದ ಆರಾಧನೆಗೆ ಹೊರಟು ನಿಂತಾಗ ಪಕ್ಕದ ಮನೆಯ ಆಯಿ ಹೊಟ್ಟೆನೋವಿನಿಂದ ನರಳುತ್ತಿದ್ದಳು. ಆಕೆಯ ಮಕ್ಕಳಿಬ್ಬರೂ ದುಡಿಯಲು ಪುಣೆಗೆ ಹೋದವರು. ಆಕೆಗೆ ಮೊದಲಿಂದ ತೋರಿಸುತ್ತಿದ್ದುದು ಮಿರಜದಲ್ಲಿ. ಜೀಪು ಗೊತ್ತುಮಾಡಿ ಜತ್ತದ ಮೇಲೆ ಹಾಯ್ದು ಅಲ್ಲಿಗೇ ಮುಟ್ಟಿಸಿದೆ. ಆರಾಧನೆ ತಪ್ಪಿತು, ದವಾಖಾನೆಯ ಎದುರು ಚಹಾ ಕುಡಿದು ಉಪವಾಸವೂ ಮುರಿಯಿತು. ಸಭೆಯ ಹಿರಿಯರು ಆಡಿದ ಮಾತಿಗೆ ನೊಂದು, “ನಾನು ತಪ್ಪಿದೆನೇನು ಅಕ್ಕಾ?” ಎಂದು ಕೇಳಿದ್ದೀ. ಇಲ್ಲ, ನೀನು ತಪ್ಪಿಲ್ಲ.

ಮತ್ತಾಯನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯ ತೆಗೆದು ನೋಡು. ಕೆಲಸ ಮಾಡಬಾರದ ಸಬ್ಬತ್ ದಿನ ಹೊಲದ ನಡುವೆ ಹೋಗುವಾಗ ಹಸಿದ ಶಿಷ್ಯರು ತೆನೆ ಮುರಿದು ತಿಂದರು. ಲೂಕನು ಇನ್ನೂ ಹತ್ತಿರದಿಂದ ಹೇಳುತ್ತಾನೆ: ಅಂಗೈಯಲ್ಲಿ ತಿಕ್ಕಿ ತಿಂದರಂತೆ. ಬಿಳಿಜೋಳದ ಹೊಲದಲ್ಲಿ ಸೀತನಿ ತಿಂದು ಬೆಳೆದ ನಮಗೆ ಆ ಅಂಗೈ, ಊದಿದಾಗ ಹಾರುವ ಆ ಹೊಟ್ಟು ಎಲ್ಲ ಗೊತ್ತು. ಧರ್ಮನಿಯಮದಲ್ಲಿ ಕಟ್ಟುನಿಟ್ಟಾಗಿದ್ದ ಫರಿಸಾಯರಿಗೆ ಕಂಡದ್ದು ಮುರಿದ ನಿಯಮ. ಯೇಸುವಿಗೆ ಕಂಡದ್ದು ಹಸಿವು. ದೇವರಿಗೆ ಬೇಕಾದದ್ದು ಬಲಿಯಲ್ಲ, ಕರುಣೆ ಎಂದು ಪ್ರವಾದಿ ಹೋಶೇಯನು ಹೇಳಿದ್ದನ್ನು ಅವರಿಗೆ ನೆನಪಿಸಿದ. ಅದರ ಅರ್ಥ ತಿಳಿದಿದ್ದರೆ ನಿರಪರಾಧಿಗಳ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ ಎಂದೂ ಹೇಳಿದ.

ಈ ಕರುಣೆಗೆ ನೀನು ಹೋದ ಮಿರಜವೇ ಸಾಕ್ಷಿ. ಡಾ. ವಿಲಿಯಂ ವಾನ್‌ಲೆಸ್ 1889ರಲ್ಲಿ ಭಾರತಕ್ಕೆ ಬಂದರು, 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಮುಂದೆ ಕ್ಷಯರೋಗಿಗಳಿಗೆಂದೇ ವಾನ್‌ಲೆಸ್‌ವಾಡಿಯ ಆರೋಗ್ಯಧಾಮವೂ ಆಯಿತು. ನಮ್ಮ ಗಡಿಯ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಬೇನೆ ಬಲಿತಾಗ ಬರುತ್ತಿದ್ದ ಮಾತು ಒಂದೇ: “ಮಿರಜಕ್ಕ ಒಯ್ರಿ.” ಹಾಗೆ ಹೋದವರಲ್ಲಿ ಬಹುಪಾಲು ಜನ ಒಂದು ದಿನವೂ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ನಮ್ಮ ನಂಬಿಕೆಯ ಗುರುತು ಅವರಿಗೆ ಸಿಕ್ಕದ್ದು ಔಷಧಿಯಲ್ಲಿ, ಆರೈಕೆಯಲ್ಲಿ.

ಹಾಗೆಂದು ಆರಾಧನೆ, ಉಪವಾಸ ಬೇಡವೆಂದು ತಿಳಿಯಬೇಡ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ರಾಜಿಯಾಗು, ಆಮೇಲೆ ಬಂದು ಅರ್ಪಿಸು ಎಂದವನೂ ಯೇಸುವೇ. ಕಾಣಿಕೆ ಕಾಯಬಹುದು, ಆಯಿಯ ನೋವು ಕಾಯುವಂಥದ್ದಲ್ಲ.

ಇನ್ನೊಂದು ಮಾತು ಕಷ್ಟದ್ದು. ಬೇನೆ ಬಿದ್ದ ಆಯಿಗೆ ಕರುಣೆ ತೋರಿದೆ. ನಿನ್ನನ್ನು ಬೈದ ಹಿರಿಯರಿಗೂ ಅದನ್ನೇ ತೋರಿಸಬೇಕು. ಅವರು ಕೆಟ್ಟವರಲ್ಲ. ಆ ನಿಯಮಗಳನ್ನೇ ಹಿಡಿದು ಬದುಕು ಸಾಗಿಸಿದವರು, ಅವು ಸಡಿಲವಾದರೆ ಸಭೆಯೇ ಚದುರೀತೆಂದು ಹೆದರುತ್ತಾರೆ. ಅವರ ಬಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡರೆ ನಾವೂ ತಪ್ಪು ಹುಡುಕುವವರೇ ಆಗುತ್ತೇವೆ.

ಬರುವ ಭಾನುವಾರ ಆರಾಧನೆ ತಪ್ಪಿಸಬೇಡ. ಮುಗಿದ ಮೇಲೆ ಆಯಿಗೆ ಗಂಜಿ ಒಯ್ಯುವಾಗ ಆ ಹಿರಿಯರನ್ನೂ ಜೊತೆಗೆ ಕರೆ.

ನಿನ್ನ ಅಕ್ಕ,
ವಿಜಯಪುರ