ಗೋಪುರದ ಗಂಟೆ, ಮಾವನ ರಾತ್ರಿಶಾಲೆ

ಮುಂಬಯಿಯವರಿಗೆ ತಮ್ಮ ಚಳಿಯ ಬಗ್ಗೆ ಬಹಳ ಅಭಿಮಾನ. ಹದಿನೆಂಟು ಡಿಗ್ರಿಗೆ ಇಳಿದರೆ ಸಾಕು, ಡೊಂಬಿವಲಿಯ ಮಗಳ ಮನೆಯಲ್ಲಿ ಸ್ವೆಟರುಗಳು ಕಪಾಟು ಬಿಟ್ಟು ಹೊರಬರುತ್ತವೆ. 1962ರ ಜನವರಿಯಲ್ಲಿ ಪಾರಾ 7.4ಕ್ಕೆ ಇಳಿದದ್ದನ್ನು ಅಳಿಯ ಕಣ್ಣಾರೆ ಕಂಡವನ ಹಾಗೆ ವರ್ಣಿಸುತ್ತಾನೆ. ಆಗ ಅವನ ಅಪ್ಪನಿಗೇ ಮದುವೆಯಾಗಿರಲಿಲ್ಲ! ಉಡುಪಿ ಕಡೆಯ ಸೆಕೆಯಲ್ಲಿ ಬೆಂದ ನನಗೋ, ಅದು ತಿರುಗಾಟಕ್ಕೆ ಹೇಳಿಮಾಡಿಸಿದ ಹವೆ.

"ಅಪ್ಪಾ, ಹತ್ತು ಗಂಟೆ ದಾಟ್ಲಿ. ಈಗ ಹೋದ್ರೆ ಗಾಡಿಗೆ ಕಾಲಿಡ್ಲಿಕ್ಕೂ ಆಗ್ಲಿಕ್ಕಿಲ್ಲ" ಎಂದಳು ಮಗಳು. ಹಾಗೇ ಮಾಡಿ, ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಟಿಯಲ್ಲಿ ಇಳಿದೆ. ಬಂದವರೆಲ್ಲ ಆ ನಿಲ್ದಾಣದ ಗುಮ್ಮಟದ ಎದುರು ಫೋಟೋ ಹೊಡೆಸಿಕೊಳ್ಳುತ್ತಾರೆ. ನಾನು ನೋಡಬೇಕೆಂದಿದ್ದದ್ದು ರಾಜಾಬಾಯಿ ಗೋಪುರವನ್ನು. ಅದಕ್ಕೆ ಕಾರಣ ನಮ್ಮ ದೊಡ್ಡಮಾವ.

ದೊಡ್ಡಮಾವ ಐವತ್ತರ ದಶಕದಲ್ಲಿ ಫೋರ್ಟಿನ ಒಂದು ಹೋಟೆಲಿನಲ್ಲಿ ಮಾಣಿಯಾಗಿದ್ದರು. ಹಗಲೆಲ್ಲ ಮೇಜು ಒರೆಸಿ, ಲೋಟ ತೊಳೆದು, ಸಂಜೆ ಗೋಪುರದ ಗಂಟೆ ಏಳು ಹೊಡೆಯಿತೆಂದರೆ ಅಂಗಿ ಬದಲಿಸಿ ರಾತ್ರಿಶಾಲೆಗೆ ಓಟ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಇಂಥ ಹುಡುಗರಿಗಾಗಿಯೇ ಉಚಿತ ರಾತ್ರಿಶಾಲೆ ನಡೆಸಿದವು. ಮಾವನ ಬೆರಳ ಸಂದಿಯಲ್ಲಿ ಸೋಡಾಪುಡಿ ತಿಂದ ಬಿಳಿ ಗಾಯ. ಪೆನ್ಸಿಲ್ ಹಿಡಿದರೆ ಉರಿಯುತ್ತಿತ್ತಂತೆ. ಆ ಬೆರಳಲ್ಲೇ ಬರೆದು ಮೆಟ್ರಿಕ್ ಪಾಸಾಗಿ ಗುಮಾಸ್ತರಾದರು.

ಓವಲ್ ಮೈದಾನದ ಬದಿಯಲ್ಲಿ, ಕ್ರಿಕೆಟ್ ಹುಡುಗರ ಚೆಂಡಿನಿಂದ ತಲೆ ತಪ್ಪಿಸಿಕೊಳ್ಳುತ್ತ ಗೋಪುರ ನೋಡಿದೆ. 280 ಅಡಿ ಎತ್ತರ, ಕುರ್ಲಾದ ತಿಳಿ ಹಳದಿ ಕಲ್ಲು. ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲೇ ಕೂತು ಬರೆದ. ಈ ಊರಿಗೆ ಕಾಲಿಟ್ಟವನೇ ಅಲ್ಲ. 1869ರಲ್ಲಿ ಶುರುವಾದ ಕೆಲಸ 1878ರಲ್ಲಿ ಮುಗಿಯಿತು. ಹತ್ತಿಯ ವ್ಯಾಪಾರದಲ್ಲಿ ಕುಬೇರನಾಗಿದ್ದ ಪ್ರೇಮಚಂದ್ ರಾಯಚಂದ್ ಎರಡು ಲಕ್ಷ ಕೊಟ್ಟು ತಾಯಿಯ ಹೆಸರಿಡಿಸಿದ. ಕಣ್ಣು ಕಾಣದ ಆ ಜೈನ ತಾಯಿಗೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಲು ಗಂಟೆ ಕೇಳಲಿ ಎಂದು ಕಟ್ಟಿಸಿದ್ದೆಂಬ ಕತೆಯೂ ಉಂಟು. ಅವರಿಗೆ ಹಗಲು ಮುಗಿಯುವ ಗಂಟೆ ಬೇಕಾಗಿತ್ತು, ನಮ್ಮವರಿಗೆ ರಾತ್ರಿ ಶುರುವಾಗುವ ಗಂಟೆ. ಮೇಲೆ ಪಶ್ಚಿಮ ಭಾರತದ ಜಾತಿ ಸಮುದಾಯಗಳ 24 ಪ್ರತಿಮೆಗಳಿವೆ. ಹೋಟೆಲ್ ಮಾಣಿಯದು ಅವುಗಳಲ್ಲಿಲ್ಲ. ಆ ಜಾತಿ ಆಗಿನ್ನೂ ಮುಂಬಯಿಗೆ ಬಂದಿಳಿದಿರಲಿಲ್ಲವಲ್ಲ!

ಹೊಟ್ಟೆ ಹಸಿಯಿತು. ಊಟಕ್ಕೆ ಮಾತುಂಗಕ್ಕೇ ಹೋಗಬೇಕು. ಅಲ್ಲಿ ಫಾಸ್ಟ್ ನಿಲ್ಲುವುದಿಲ್ಲ; ಸ್ಲೋ ಗಾಡಿಯಲ್ಲಿ ಭಾಯಖಳಾ, ಪರೇಲ್, ದಾದರ್ ಎಣಿಸುತ್ತ ಹೋದೆ. ಸ್ಟೇಷನ್ನಿನ ಎದುರಿಗೇ ಮಾರುಕಟ್ಟೆ ಕಟ್ಟಡದ ಮಾಳಿಗೆಯಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ಬೆಂಚಿನ ಮೇಲೆ ತಪಸ್ಸು. ಗುಮಾಸ್ತರಾದ ಮೇಲೆ ಮೊದಲ ಸಂಬಳದಲ್ಲಿ ಮಾವ ಊಟ ಮಾಡಿದ್ದು ಇಲ್ಲಿಯೇ. ಬಡಿಸುವವನಿಗೆ "ಸಾಕು ಮಾರಾಯ" ಅನ್ನುವಾಗಿನ ಸುಖವನ್ನು ಅವರು ಮುದುಕರಾದ ಮೇಲೂ ಹೇಳುತ್ತಿದ್ದರು. ಬಾಳೆಲೆಯ ಮೇಲೆ ಸಾರು ಹರಿದು ಅಂಚಿಗೆ ಬಂತು. ಅನ್ನದ ಕಟ್ಟೆ ಕಟ್ಟಿ ತಡೆದೆ. ಎದುರಿಗೆ ಕೂತ ಗುಜರಾತಿ ದಂಪತಿ ಅದನ್ನೇ ನೋಡಿ ಕಲಿತರು.

ನನ್ನ ಮಟ್ಟಿಗೆ, ಗೇಟ್‌ವೇ ನೋಡದೆ ಬಂದರೂ ಮುಂಬಯಿ ನೋಡಿದಂತೆಯೇ. ಮಾತುಂಗದಲ್ಲಿ ಉಣ್ಣದೆ ಬಂದರೆ ಇಲ್ಲ. ಹೋಗುವವರು ಸೋಮವಾರ ಬಿಟ್ಟು ಹೋಗಿ, ಅಂದು ರಜೆ.